ಅಂಗೈಗೆ ಬಿದ್ದದ್ದು

೧೨ ಜೂನ್, ಗುರುವಾರ

ರಾತ್ರಿಯೂಟ ಬಿಟ್ಟು ಮೂರು ತಿಂಗಳಾಯಿತು. ತೂಕ ಇವತ್ತೂ ಎಂಬತ್ತೆರಡೇ. ಎಂಟು ಕಿಲೋ ಇಳಿಯದೆ ಮೊಣಕಾಲಿನ ಆಪರೇಷನ್ ಇಲ್ಲವೆಂದಿದ್ದಾರೆ ಡಾಕ್ಟರು. ನಮ್ಮದೇ ಹೋಟೆಲಿನ ಮೂರು ಮೆಟ್ಟಿಲಿಗೆ ಇವತ್ತು ಗೋಡೆ ಹಿಡಿದೆ. ಯಾರೂ ನೋಡಿರಲಿಕ್ಕಿಲ್ಲ.

ಸೊಸೆ ಶ್ರೀಪ್ರಿಯಾ ಸಂಜೆ ಕೇಳಿದಳು, “ಅತ್ತೆ, ಅಡುಗೆ ಭಟ್ರು ಬೆಳಗಿಂದ ನಿಮ್ಮ ಅಂಗೈಗೆ ಚಟ್ನಿ, ಸಾಂಬಾರು, ಶೀರಾ, ಪಾಯಸ ಎಲ್ಲ ಹಾಕಿದ್ರು. ಮೇಲಿಂದ ಆರು ಚಾ. ಅದು ಊಟ ಅಲ್ವಾ?”

“ರುಚಿ ನೋಡುದು ಅಂದ್ರೆ ತಿಂದ ಹಾಗಾ? ನಿನ್ನ ಕೆಲಸ ನೋಡು,” ಎಂದು ಗದರಿದೆ.

ಅವಳು ಹೇಳಿದ್ದು ನಿಜ. ಆದರೆ ಇಪ್ಪತ್ತೆಂಟು ವರ್ಷಗಳಿಂದ ನಾನು ರುಚಿ ನೋಡದೆ ಒಂದು ಪಾತ್ರೆಯೂ ಹೊರಗೆ ಹೋಗಿಲ್ಲ. ಅದನ್ನೂ ಬಿಟ್ಟರೆ ಆ ಅಡುಗೆಮನೆಯಲ್ಲಿ ನನಗೇನು ಕೆಲಸ?

ಮೊಣಕಾಲು ಈಗಲೂ ಸೆಳೆಯುತ್ತಿದೆ. ನಾಳೆಯಿಂದ ಅವಳ ಅಂಗೈಗೇ ಹಾಕಿ ಎಂದು ಭಟ್ಟರಿಗೆ ಹೇಳಬೇಕು. ಹೇಳುವಾಗ ನನ್ನ ಕೈ ಸೆರಗಿನೊಳಗೇ ಇರಲಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಅದೇ ಮುಂದೆ ಚಾಚಿಬಿಡುತ್ತದೆ.