ಕೆಂಪು ಗೆರೆ ಎಳೆದ ಗೋಡೆ

ಮಾರ್ಚ್ ೩, ೧೮೭೪. ಬೆಳಿಗ್ಗೆ

ಮತ್ತೆ ಗೋಪುರದ ನಕ್ಷೆಗಳು, ನಮ್ಮ ಹಳೆಯ ಕೋಟೆಯನ್ನು ಹೊಸದಾಗಿ ಕಟ್ಟಿಸುವ ಕೆಲಸ. ವಾಸ್ತುಶಿಲ್ಪಿ ಪ್ರಾಥರೋ ಮೇಜಿನ ತುಂಬ ಹರಡಿದ. ನನಗೆ ಕಂಡಿದ್ದು ಬರೀ ಮಂಜು; ಈ ದಿನಚರಿಯನ್ನೂ ಬೆರಳ ಅಂದಾಜಿನಲ್ಲೇ ಬರೆಯುತ್ತಿದ್ದೇನೆ.

"ಹೇಗಿದೆ, ಪ್ರಭುಗಳೇ?"

"ಕಿಟಕಿ ಸ್ವಲ್ಪ ಅಗಲವಾಯ್ತು."

"ಅಯ್ಯೋ, ಅದು ಕಿಟಕಿಯಲ್ಲ, ಅಗ್ಗಿಷ್ಟಿಕೆ!" ಎಂದು ನಕ್ಕ. ತಮಾಷೆ ಮಾಡಿದವನಂತೆ ನಾನೂ ನಕ್ಕೆ.

ಕಣ್ಣು ಹೋಗುತ್ತಿರುವುದು ಗೊತ್ತಾದರೆ ಹಣದ ಕೀಲಿ ಹಿಡಿದಿರುವ ಎಸ್ಟೇಟಿನ ಟ್ರಸ್ಟಿಗಳು ಸುಮ್ಮನಿರುವುದಿಲ್ಲ. ಕುರುಡನಿಗೇಕೆ ಕೋಟೆ ಎನ್ನುತ್ತಾರೆ. ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೆಂಡತಿ ಹೊನೋರಾಗೂ ಹೇಳಿಲ್ಲ... ಅವಳಿಗೆ ಹೇಗೆ ಹೇಳಲಿ?

ಮಾರ್ಚ್ ೯

ಪ್ರಾಥರೋ ಲಂಡನ್ನಿಗೆ ಹೋಗಿದ್ದಾನೆ. ಕೆಡವಬೇಕಾದ ಗೋಡೆಗೆ ನಕ್ಷೆಯಲ್ಲಿ ನಾನೇ ಕೆಂಪು ಗೆರೆ ಎಳೆದು ಮೇಸ್ತ್ರಿಗೆ ಕೊಡಬೇಕು. ಲಾಯದ ಗೋಡೆಗೆ ಎಳೆದೆ. ಅಂದಾಜಿನ ಮೇಲೆ.

ಮಾರ್ಚ್ ೧೬. ತಿಂಡಿಯ ಹೊತ್ತು

ಸುತ್ತಿಗೆ ಸದ್ದು. ಲಾಯದ ಕಡೆಯಿಂದಲ್ಲ, ಕೋಟೆಯೊಳಗಿನ ಪ್ರಾರ್ಥನಾ ಮಂದಿರದಿಂದ, ಚಾಪೆಲ್ಲಿನಿಂದ! ಅಲ್ಲಿರುವುದು ಸಂತ ಮಾರ್ಗರೆಟಳ ಹಳೆಯ ಭಿತ್ತಿಚಿತ್ರ. ಸುಣ್ಣ ಕೆರೆದು ಹೊರತೆಗೆದವನು ನಾನು, ಅದರ ಮೇಲೆ ಗ್ರಂಥ ಬರೆದವನೂ ನಾನೇ. ದೇವರೇ, ಎಲ್ಲಿ ಎಳೆದೆ ಆ ಗೆರೆ?

ಅದೇ ದಿನ, ಮಧ್ಯಾಹ್ನ

ಓಡಿದೆ. ಎರಡು ಸಲ ಮುಗ್ಗರಿಸಿದೆ. ಮೇಸ್ತ್ರಿ ರೀಸ್ ಗಾಬರಿಯಾಗಿದ್ದ.

"ಗೆರೆ ತಾವೇ ಹಾಕಿದ್ದಲ್ವಾ, ದೊರೆ? ನಂಗೂ ಸಂಕಟ ಆಯ್ತು. ತಮ್ಮ ಮಾತು ಮೀರೋಕಾಗುತ್ತಾ?"

"ಹೌದು, ನಾನೇ ಹಾಕಿದ್ದು," ಎಂದುಬಿಟ್ಟೆ. ಹೇಡಿ ನಾನು.

"ಚಿತ್ರದಲ್ಲಿ ಮುಖ ಒಂದು ಉಳ್ಕೊಂಡಿದೆ. ಅದನ್ನೂ ಕೆಡವೋದಾ? ನೋಡಿ ಹೇಳಿ."

ನೋಡಿದೆ. ಎಲ್ಲ ಬೂದು.

ಹಿಂದಿನಿಂದ ಹೊನೋರಾ ಬಂದಳು. "ತಲೆ ಕೆಟ್ಟಿದೆಯಾ ನಿಮಗೆ? ಎಂಟು ವರ್ಷ ನನ್ನ ಮುಖಕ್ಕಿಂತ ಈ ಮಾರ್ಗರೆಟಳ ಮುಖಾನೇ ಹೆಚ್ಚು ನೋಡಿದೀರಿ!"

ಇನ್ನು ಮುಚ್ಚಿಡಲು ಆಗಲಿಲ್ಲ. "ಹೊನೋರಾ, ಮುಖ ಎಲ್ಲಿದೆ?"

ಅವಳು ನನ್ನ ಕೈ ಹಿಡಿದು ಗೋಡೆಯ ಮೇಲಿಟ್ಟಳು. ತಣ್ಣನೆಯ ಗಾರೆ. ಕೆನ್ನೆಯೋ ಹಣೆಯೋ ತಿಳಿಯಲಿಲ್ಲ. "ಸುತ್ತಿಗೆ ಕೆಳಗಿಡು, ರೀಸ್," ಎಂದಳು.

ಮಾರ್ಚ್ ೧೮

ನಾಳೆ ಟ್ರಸ್ಟಿಗಳು ಬರುತ್ತಾರೆ. ರೀಸ್ ಬಾಯಿ ಬಿಡುವುದಿಲ್ಲವಂತೆ, ಆದರೆ ಒಡೆದ ಗೋಡೆಯನ್ನು ಮುಚ್ಚಿಡುವುದು ಹೇಗೆ?

"ನಾನು ಪಕ್ಕದಲ್ಲೇ ಕೂತಿರ್ತೀನಿ. ನಕ್ಷೆ ನಾನು ಓದ್ತೀನಿ. ಬೈದರೆ ಇಬ್ಬರಿಗೂ ಬೈಯಲಿ," ಎಂದಳು ಹೊನೋರಾ. ಭಯ ಹೋಗಿಲ್ಲ. ಬೇರೊಂದು ಭಯವೂ ಬಂದಿದೆ: ಅವಳ ಮುಖ ಇನ್ನು ಕಾಣುವುದೇ ಇಲ್ಲವೇನೋ. ಅವಳನ್ನು ಕಿಟಕಿಯ ಬಳಿ ಕರೆದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸಿಕೊಂಡೆ. ಹುಬ್ಬು ಕಣ್ಣಿಗೆ ಸಿಕ್ಕಿತು. ಬಾಯಿ ಸಿಗಲಿಲ್ಲ.

"ನಗ್ತಿದೀಯಾ?"

"ಹೂಂ," ಎಂದಳು.

ಕೆನ್ನೆ ಮುಟ್ಟಿದೆ. ಕಣ್ಣೀರಿಗೆ ಒದ್ದೆಯಾಗಿತ್ತು.