ಎದೆಯ ಮೇಲಿನ ಕುಡುಗೋಲು

ಸ್ತೈನ್‌ಷೆರ್, ಆಗಸ್ಟ್ ೧೯೧೨

ಗುನ್ವೋರ್ ಅಕ್ಕನಿಗೆ ಓಸ್ನೆ ಮಾಡುವ ನಮಸ್ಕಾರ.

ನಿನ್ನ ಕಾಗದ ಮುಟ್ಟಿತು. ಸತ್ತಮೇಲೆ ಶವಪೆಟ್ಟಿಗೆಯೊಳಗೆ ತನ್ನ ಕುಡುಗೋಲು ಇಡಿ ಅಂತ ಅಮ್ಮ ಹಟ ಹಿಡಿದಿದ್ದಾಳೆ, ಕಣ್ಣು ಕಾಣದವಳಿಗೆ ಅಟ್ಟದಲ್ಲಿರುವ ಮುರುಕಲು ಕುಡುಗೋಲು ಇಟ್ಟರೆ ಗೊತ್ತಾಗುತ್ತದಾ ಅಂತ ಬರೆದಿದ್ದೀಯಲ್ಲ. ಬೇಡ ಅಕ್ಕ.

ನಾನು ಅಡಿಗೆ ಮಾಡಿಹಾಕುವ ಈ ಹಳೇ ಗೋರಿ ಅಗೆಯೋರು ನಿನ್ನೆ ಸಾವಿರ ವರ್ಷದ ಹಿಂದಿನ, ವೈಕಿಂಗರ ಕಾಲದ ಒಬ್ಬ ಹೆಂಗಸಿನ ಗೋರಿ ತೆರೆದರು. ಮೂಳೆಯೆಲ್ಲ ಮಣ್ಣಾಗಿ ಬರೀ ಹಲ್ಲು ಉಳಿದಿತ್ತು. ನಾವು ಸತ್ತವರ ಎದೆ ಮೇಲೆ ಕೀರ್ತನೆ ಪುಸ್ತಕ ಇಡುತ್ತೇವಲ್ಲ, ಸರಿಯಾಗಿ ಆ ಜಾಗದಲ್ಲಿ ಒಂದು ಕುಡುಗೋಲು. ಅಗೆಯುವ ತಾರ್ಯೆ, "ಪಾಪ, ಮುದುಕಿಗೆ ಸತ್ತಮೇಲೂ ರಜೆ ಕೊಡಲಿಲ್ಲ ನೋಡು" ಅಂತ ನಕ್ಕ. "ಬಾಯಿ ಮುಚ್ಚೋ, ಅದು ಅವಳದು" ಅಂದೆ. ಮಸೆದು ಮಸೆದು ನಡುವೆ ಸವೆದುಹೋಗಿತ್ತು. ಹೊಸದನ್ನೂ ಇಟ್ಟಿಲ್ಲ, ಮುರುಕನ್ನೂ ಇಟ್ಟಿಲ್ಲ, ಅವಳ ಕೈಯಲ್ಲಿದ್ದುದನ್ನೇ ಇಟ್ಟಿದ್ದಾರೆ.

ಬಾರ್ಲಿ ಕೊಯ್ಲಿಗೆ ನಮಗಿರುವ ಒಳ್ಳೆಯ ಕುಡುಗೋಲು ಅಮ್ಮನದೊಂದೇ, ಗೊತ್ತು. ಇಲ್ಲಿಂದ ಹೊಸದು ತರುತ್ತೇನೆ. ಪಾದ್ರಿಗಳನ್ನು ಕೇಳಲು ಹೋಗಬೇಡ, ಬೈಯುತ್ತಾರೆ. ಕೀರ್ತನೆ ಪುಸ್ತಕ ಮೇಲಿರಲಿ, ಕುಡುಗೋಲು ಹೊದಿಕೆಯ ಕೆಳಗಿರಲಿ. ಇದು ಬಿಚ್ಚು ಕಾರ್ಡು, ಅಂಚೆಯವನು ಓದಿ ಪಾದ್ರಿಗಳಿಗೆ ಹೇಳಿಬಿಟ್ಟರೆ ಅಂತ ಅದೊಂದು ಹೆದರಿಕೆ. ನನ್ನ ಕೆಮ್ಮು ವಾಸಿ. ನಾನು ಬರುವವರೆಗೆ ಅಮ್ಮ ಇರುತ್ತಾಳೋ ಇಲ್ಲವೋ, ಇಡುತ್ತೇವೆ ಅಂತ ಅವಳಿಗೆ ಬರೀ ಆಣೆಗೀಣೆಯ ಮಾತು ಬೇಡ, ಈ ಕಾರ್ಡು ಮುಟ್ಟಿದ ಕೂಡಲೇ ಕುಡುಗೋಲನ್ನು ಅವಳ ಕೈಗೇ ಕೊಡು, ಮುಟ್ಟಿ ನೋಡಿಕೊಳ್ಳಲಿ. ಹಿಡಿಯ ಕಡೆಯಿಂದ ಕೊಡು, ಕೈ ಕೊಯ್ದುಕೊಂಡಾಳು.

ನಿನ್ನ ತಂಗಿ ಓಸ್ನೆ