ಕೋಗಿಲಬನದಲ್ಲಿ ಪೂರ್ಣಿ ಕುದುರೆ ಹತ್ತಿದ್ದು

ಹಳಿಯಾಳ
ಅಕ್ಟೋಬರ್ ೧೪, ಮಂಗಳವಾರ

ಪೂರ್ಣಿಯ ಅಪ್ಪನವರಿಗೆ ದ್ರಾಕ್ಷಾಯಣಿಯ ನಮಸ್ಕಾರಗಳು.

ಗಡಿಯಲ್ಲಿ ಈಗಾಗಲೇ ಚಳಿ ಹಿಡಿದಿರಬೇಕು. ಹೋದ ವರ್ಷದಂತೆ ಕೆಮ್ಮು ಶುರುವಾಗಿಲ್ಲ ತಾನೇ? ಉಣ್ಣೆಯ ಟೋಪಿ ಹಾಕಿಕೊಳ್ಳಿ, ಜೊತೆಯವರು ನಕ್ಕರೆ ನಗಲಿ. ಅತ್ತೆಯವರ ಮಂಡಿನೋವು ಹಾಗೇ ಇದೆ. ಪೂರ್ಣಿ ಚೆನ್ನಾಗಿದ್ದಾಳೆ. ಮುಂದಿನದನ್ನು ಓದುವಾಗ ಈ ಮಾತನ್ನು ಮರೆಯಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರ್ ಹಾಕಿಸಿಕೊಂಡು ಅತ್ತೆಯವರು ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ರಜೆಗೆಂದು ಮಗಳನ್ನು ದಾಂಡೇಲಿ ಹತ್ತಿರದ ಕೋಗಿಲಬನದ ಒಂದು ಹೋಂಸ್ಟೇಗೆ ಕರೆದುಕೊಂಡು ಹೋಗಿದ್ದೆ. ಶನಿವಾರ ಬೆಳಿಗ್ಗೆ ತಿಂಡಿಗೆ ಕೂತರೆ ಎದುರಿಗೆ ಯಾರು ಅಂತೀರಿ, ನಮ್ಮ ಓಣಿಯ ಶಿವವ್ವ! ಅವರೂ ಮೊಮ್ಮಕ್ಕಳ ಜೊತೆ ಬಂದಿದ್ದರು. ಅವರೆದುರು ಪೂರ್ಣಿಗೆ ಮಾತ್ರೆ ಕೊಡುವುದು ಹೇಗೆ? ಅವರು ಎದ್ದ ಮೇಲೆ ಕೊಡೋಣವೆಂದು ಡಬ್ಬಿಯನ್ನು ಬ್ಯಾಗಿನ ತಳಕ್ಕೆ ತಳ್ಳಿದೆ. ಆಮೇಲೆ ಮರೆತೇಬಿಟ್ಟೆ.

ತಿಂಡಿಯಾದ ಮೇಲೆ ಕುದುರೆ ಸವಾರಿ. ಮಕ್ಕಳನ್ನು ಹತ್ತಿಸಿ ನಡೆಸುವವಳು ರೀಟಾ, ಅಲ್ಲೇ ಹತ್ತಿರದ ಹಳ್ಳಿಯ ಸಿದ್ದಿ ಹೆಣ್ಣುಮಗಳು. ಮೋತಿ ಎಂಬ ಮುದಿ ಕುದುರೆ, ನೊಣ ಕೂತರೂ ಬಾಲ ಬೀಸಲು ಯೋಚಿಸುವಷ್ಟು ಸಾಧು. ಹತ್ತಿಸುವ ಮುನ್ನ ರೀಟಾ ಕೇಳಿದಳು, "ಅಕ್ಕಾರ, ಹುಡುಗಿಗೆ ಏನರ ತ್ರಾಸ ಐತೇನ್ರಿ? ಚಕ್ಕರ ಬರೂದು, ಫಿಟ್ಸು, ಉಬ್ಬಸ?" ಶಿವವ್ವ ಮಗ್ಗುಲಲ್ಲೇ ನಿಂತಿದ್ದರು. "ಏನೂ ಇಲ್ಲವಾ" ಅಂದೆ. ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದ ಮಾತು. ಹೆಣ್ಣುಮಗು, ನಾಳೆ ಯಾರು ಮದುವಿ ಮಾಡ್ಕೋತಾರ ಅಂತ ನೀವೂ ಅತ್ತೆಯವರೂ ನನಗೆ ಹೇಳಿಕೊಟ್ಟ ಮಾತು.

ಕಾಳಿ ನದಿಯ ಗುಂಟ ಕಾಲುದಾರಿ. ರೀಟಾ ಹಗ್ಗ ಹಿಡಿದು ಮುಂದೆ, ನಾನು ಹಿಂದೆ. "ಅವ್ವಾ, ನಾ ಈಗ ನಿನಗಿಂತ ಎತ್ತರ ಅದೀನಿ ನೋಡು" ಎಂದು ಪೂರ್ಣಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಅರ್ಧ ದಾರಿಯಲ್ಲಿ ನೀರು ಕೊಡಲೆಂದು ಬ್ಯಾಗಿಗೆ ಕೈ ಹಾಕಿದೆ, ಡಬ್ಬಿ ತಗುಲಿತು. ಬೆಳಗಿನ ಮಾತ್ರೆ ಕೊಟ್ಟೇ ಇಲ್ಲ! ಆಗಲೇ ಕುದುರೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಯಾಕೆಂದು ಹೇಳಬೇಕಲ್ಲ. ಇನ್ನು ಹತ್ತು ನಿಮಿಷ, ತಿರುಗಿ ಹೋದೊಡನೆ ಕೊಟ್ಟರಾಯಿತು ಎಂದುಕೊಂಡೆ. ಮಗಳ ಬೆನ್ನಿನ ಮೇಲೇ ಕಣ್ಣಿಟ್ಟು ನಡೆದೆ.

ಪೂರ್ಣಿಯ ಮಾತು ನಿಂತಿತು. ಕತ್ತು ಎಡಕ್ಕೆ ತಿರುಗಿ ಹಾಗೇ ಉಳಿಯಿತು, ಬೆರಳುಗಳು ಜಗ್ಗತೊಡಗಿದವು. ನಾನು ಚೀರಿದೆ. ರೀಟಾ ಹಗ್ಗ ಬಿಟ್ಟು ಹಿಂದಕ್ಕೆ ಹಾರಿದವಳೇ ಜಾರುತ್ತಿದ್ದ ಮಗುವನ್ನು ಎದೆಗೆ ಅವಚಿಕೊಂಡು ತಾನು ಅಡಿಯಾಗಿ ಬಿದ್ದಳು. ಮೋತಿ ಬೆದರಿ ಕಾಲು ಕೆದರಿತು. ಅದರ ಗೊರಸಿಗೂ ಪೂರ್ಣಿಯ ತಲೆಗೂ ಒಂದು ಗೇಣು ಅಂತರ. "ಅಕ್ಕಾರ, ಕುದುರಿ ಹಿಡೀರಿ!" ಜನ್ಮದಲ್ಲಿ ಕುದುರೆ ಮುಟ್ಟಿದವಳಲ್ಲ ನಾನು. ಹಗ್ಗ ಹಿಡಿದು ಮೈಯೆಲ್ಲ ಭಾರ ಹಾಕಿ ಎಳೆದೆ. ರೀಟಾ ಮಗುವನ್ನು ಮಗ್ಗುಲಾಗಿ ಹೊರಳಿಸಿ, ಹೆಲ್ಮೆಟ್ಟಿನ ಗದ್ದದ ಪಟ್ಟಿ ಸಡಿಲಿಸಿ, ಗಡಿಯಾರ ನೋಡುತ್ತ ಕೂತಳು. ಮೋತಿ ತಣ್ಣಗಾದ ಮೇಲೆ ನಾನು ಮಗುವಿನ ಕೈಗೆ ಕೀಲಿಕೈ ಕೊಡಲು ಹೋದರೆ, "ಏನೂ ಬ್ಯಾಡ್ರಿ, ತಾನ ನಿಲ್ತೈತಿ. ನನ್ನ ತಮ್ಮಗೂ ಐತ್ರಿ ಇದು" ಅಂದಳು. ಮೂರು ನಿಮಿಷ. ಆ ಮೂರು ನಿಮಿಷ ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ.

ಪೂರ್ಣಿ ಕಣ್ಣು ಬಿಟ್ಟ ಮೇಲೆ ರೀಟಾ ನನ್ನ ಕಡೆ ತಿರುಗಿದಳು. "ಯಾಕ ಹೇಳಲಿಲ್ರಿ? ಹೇಳಿದ್ರ ಮಾತ್ರಿ ಆತೇನಂತ ಕೇಳತಿದ್ನೆಲ್ರಿ." ಅವಳ ಮಣಿಕಟ್ಟು ಊದಿತ್ತು, ಮೊಳಕೈ ತರಚಿ ರಕ್ತ ಬರುತ್ತಿತ್ತು. ಆ ಕೈಯಲ್ಲೇ ಮಗುವನ್ನು ಬೆನ್ನಿಗೆ ಹಾಕಿಕೊಂಡು ನಡೆದಳು. ಮೋತಿಯನ್ನು ನಾನು ನಡೆಸಿಕೊಂಡು ಬಂದೆ.

ಹೋಂಸ್ಟೇ ಮಾಲೀಕ ಜ್ಯೋತಿಬಾ ಅಂಗಳದಲ್ಲೇ ಇದ್ದರು. ಎಲ್ಲರೆದುರು, "ಮಗೀನ ಬೀಳಿಸಿದೆಲ್ಲ! ನಾಳಿಂದ ಈ ಕಡೆ ಬರಬ್ಯಾಡ ನೀ" ಎಂದು ರೀಟಾಳ ಮೇಲೆ ಹರಿಹಾಯ್ದರು. ಅವಳು ಒಮ್ಮೆ ನನ್ನನ್ನು ನೋಡಿದಳು. ಶಿವವ್ವನ ಕಡೆಗೂ ನೋಡಿದಳು. ನೆಲ ನೋಡುತ್ತ ನಿಂತಳು. ಒಂದು ಮಾತು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ಹೇಳಲಿಲ್ಲ. ನಾನೂ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಬೇಕೆಂದು ಒಂದು ಕ್ಷಣ ಅನಿಸಿತೆಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಆಮೇಲೆ ನನ್ನ ದನಿ ನನಗೇ ಕೇಳಿತು: "ಆಕೀದ ತಪ್ಪಿಲ್ರಿ. ನನ್ನ ಮಗಳಿಗೆ ಫಿಟ್ಸ್ ಐತಿ. ಕೇಳಿದಾಗ ಸುಳ್ಳು ಹೇಳಿದಾಕಿ ನಾನು."

ಶಿವವ್ವ ಚಹಾದ ಕಪ್ಪನ್ನು ಕೆಳಗಿಟ್ಟರು. ಜ್ಯೋತಿಬಾ ದನಿ ತಗ್ಗಿಸಿ, "ಮೊದಲ ಹೇಳೂದಲ್ರಿ ಬಾಯಾರ" ಅಂದರು. ಆಮೇಲೆ ತಾವೇ ಜೀಪು ತೆಗೆದು ನಮ್ಮ ಮೂವರನ್ನೂ ದಾಂಡೇಲಿಯ ಆಸ್ಪತ್ರೆಗೆ ಮುಟ್ಟಿಸಿದರು. ರೀಟಾಳ ಎಲುಬು ಮುರಿದಿರಲಿಲ್ಲ. ಕೈ ವಾಸಿಯಾದ ಕೂಡಲೇ ಕೆಲಸಕ್ಕೆ ಬಾ ಎಂದು ಅವರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ನಮ್ಮ ಬಸ್ಸು ಹಳಿಯಾಳ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅತ್ತೆಯವರು ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ. ನಿಮ್ಮ ಸಿಟ್ಟನ್ನೂ ತಡೆದುಕೊಳ್ಳುತ್ತೇನೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಜೀವ ಜೋಪಾನ.

ನಿಮ್ಮ
ದ್ರಾಕ್ಷಾಯಣಿ

ತಾ.ಕ.: ಅಂಚೆಯ ಹೊತ್ತಾಯಿತು, ಎರಡೇ ಮಾತು. ಆ ಮಾತ್ರೆಗಳು ಶಕ್ತಿಯ ಗುಳಿಗೆ ಎಂದು ಪೂರ್ಣಿಯನ್ನು ನಂಬಿಸಿದ್ದೆವಲ್ಲ, ನಿನ್ನೆ ಅವಳಿಗೆ ಕಾಯಿಲೆಯ ಹೆಸರು ಹೇಳಿದೆ. "ಅಪ್ಪಗ ಗೊತ್ತಾದ್ರ ನನ್ನ ಜೋಡಿ ಮಾತಾಡತಾರೇನವಾ?" ಎಂದು ಕೇಳಿದಳು. ನಿಮಗೆ ಮೊದಲಿನಿಂದಲೂ ಗೊತ್ತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಕಾಗದ ಮುಟ್ಟಿದ ದಿನವೇ ಫೋನ್ ಮಾಡಿ. ನನ್ನನ್ನೂ ಕೇಳಬೇಡಿ, ಅತ್ತೆಯವರನ್ನೂ ಕೇಳಬೇಡಿ. ಪೂರ್ಣಿಯನ್ನು ಕರೆಯಿರಿ, ಗೊತ್ತಿತ್ತೆಂದು ನೀವೇ ಅವಳಿಗೆ ಹೇಳಿ.